ಎಲೆಗೆ ನೂರು ರೂಪಾಯಿ

ಇಲ್ಲಿ ಹೇಳುವ ಸಂಗತಿಗಳು ೨೦೦೧ನೆಯ ಇಸವಿಯ ಸೆಪ್ಟೆಂಬರ್ ಮಧ್ಯಭಾಗದಿಂದ ನವೆಂಬರ್ ಕೊನೆಯವರೆಗೆ ಈ ಅನುಕ್ರಮದಲ್ಲಿ ನಡೆದವು. ಮೊದಲು ಪಿತೃಪಕ್ಷ ಮುಗಿಯಿತು. ಅದೇ ವಾರ ಚಾಮರಾಜಪೇಟೆಯ ಶ್ರೀನಿವಾಸಯ್ಯನವರ ಪಕ್ಕದ ಮನೆಯ ಕೆಳಭಾಗ ಖಾಲಿಯಾಯಿತು. ಮರುವಾರ, ಅವರ ಮಗ ಆತ್ರೇಯ ಕೆಲಸ ಮಾಡುತ್ತಿದ್ದ ಸರ್ಕಾರಿ ಸ್ವಾಮ್ಯದ ಕಾರ್ಖಾನೆಯಲ್ಲಿ ಸ್ವಯಂ ನಿವೃತ್ತಿಯ ಸುತ್ತೋಲೆ ಹೊರಟಿತು. ಪಕ್ಷ ಮುಗಿದ ಮರುದಿನವೇ ಅಧಿಕ ಆಶ್ವಯುಜ ಮಾಸ ಹಿಡಿದಿತ್ತು; ಅದರ ಹಿಂದೆ ನಿಜ ಆಶ್ವಯುಜ, ಕೊನೆಗೆ ಕಾರ್ತೀಕ. ಅರ್ಜಿ ಕೊಡಲೂ, ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲೂ ಕೊನೆಯ ದಿನ ನವೆಂಬರ್ ಮೂವತ್ತು ಎಂದು ಸುತ್ತೋಲೆಯಲ್ಲಿತ್ತು.

ಶ್ರೀನಿವಾಸಯ್ಯನವರು ಸಂಸ್ಕೃತದ ಮೇಷ್ಟರಾಗಿ ನಿವೃತ್ತರಾದವರು. ಎಂಟು ವರ್ಷಗಳ ಹಿಂದೆ, ಬಾಡಿಗೆ ಫ್ಲ್ಯಾಟಿನಲ್ಲಿದ್ದ ಅವರ ಸಹೋದ್ಯೋಗಿಯೊಬ್ಬರಿಗೆ ತಾಯಿಯ ಶ್ರಾದ್ಧ ಮಾಡಲು ಮನೆಯ ಮಾಲೀಕ ಒಪ್ಪಲಿಲ್ಲ. ಹೋಮದ ಹೊಗೆಗೆ ಹೊಸ ಬಣ್ಣ ಕಪ್ಪಾಗುತ್ತದೆಂಬುದು ಅವನ ಆಕ್ಷೇಪ. ಶ್ರೀನಿವಾಸಯ್ಯನವರು ತಮ್ಮ ಮನೆಯ ಕೆಳಗಿನ ಹಜಾರವನ್ನು ಅವರಿಗೆ ಬಿಟ್ಟುಕೊಟ್ಟರು. ಅದನ್ನು ಕಂಡವರು ಇನ್ನೊಬ್ಬರಿಗೆ ಹೇಳಿದರು. ಕ್ರಮೇಣ ಅದು ಮನೆಯ ಉದ್ಯೋಗವಾಯಿತು. ಪುರೋಹಿತರನ್ನು ಕುಟುಂಬದವರೇ ಕರೆತರಬೇಕು. ಜಾಗ, ಒಲೆ, ಮಡಿ ಅಡುಗೆ, ದಿನಸಿ, ಬಾಳೆಯೆಲೆ ಎಲ್ಲವೂ ಶ್ರೀನಿವಾಸಯ್ಯನವರದು. ದರ ಎಲೆಗೆ ನೂರು ರೂಪಾಯಿ. ಊಟಕ್ಕೆ ಎಷ್ಟು ಎಲೆ ಹಾಕಿದರೋ ಅಷ್ಟು ನೂರು.

ಅವರಿಗೆ ಎರಡು ನಿಯಮಗಳಿದ್ದವು. ಮೊದಲನೆಯದು, ದಿನಕ್ಕೆ ಒಂದೇ ಮನೆತನ. ಒಬ್ಬರ ಪಿತೃಗಳಿಗೆ ಹೊತ್ತಿಸಿದ ಒಲೆಯಲ್ಲಿ ಅದೇ ದಿನ ಇನ್ನೊಬ್ಬರದು ಬೇಯಕೂಡದು. ಎರಡನೆಯದು, ಪಿತೃಕಾರ್ಯದ ಲೆಕ್ಕ ಬರೆದಿಡಕೂಡದು. ಎರಡನೆಯ ನಿಯಮದಿಂದಾಗಿ ಎಂಟು ವರ್ಷಗಳ ವ್ಯವಹಾರ ಅವರ ನೆನಪಿನಲ್ಲಿ ಮಾತ್ರ ಇತ್ತು. ನೆನಪಿನಲ್ಲಿ ಎದ್ದು ನಿಲ್ಲುತ್ತಿದ್ದುದು ಪಿತೃಪಕ್ಷ: ಬಾಗಿಲ ತುಂಬ ಚಪ್ಪಲಿ, ಹಜಾರದಲ್ಲಿ ಎರಡು ಪಂಕ್ತಿ, ಜಾಗವಿಲ್ಲವೆಂದು ಹಿಂದೆ ಕಳಿಸಿದ ಜನ.

ಸುತ್ತೋಲೆ ಬಂದ ವಾರದ ಭಾನುವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಾತು ಆರಂಭವಾಯಿತು.

“ರಂಗನಾಯಕಮ್ಮನ ಮನೆ ಕೆಳಗಡೇದು ನಾವೇ ಹಿಡಿಯೋಣ,” ಎಂದರು ಶ್ರೀನಿವಾಸಯ್ಯ. “ಬಾಡಿಗೆ ಆರೂವರೆ ಸಾವಿರ. ಅಡ್ವಾನ್ಸ್ ಒಂದು ಲಕ್ಷ. ಅಲ್ಲೊಂದು ಒಲೆ, ಇಲ್ಲೊಂದು ಒಲೆ. ಈ ಪಕ್ಷದಲ್ಲಿ ಎಷ್ಟು ಮನೆಯವರನ್ನ ವಾಪಸ್ ಕಳಿಸಿದ್ವಿ, ಜ್ಞಾಪಕ ಇದೆಯಾ?”

ಸೊಸೆ ವಿಶಾಲಾಕ್ಷಿ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. “ಒಂದು ಲಕ್ಷ ಎಲ್ಲಿಂದ ಬರತ್ತೆ ಮಾವ?”

“ನಿನ್ನ ಗಂಡನ್ನ ಕೇಳು.”

ಆತ್ರೇಯ ತಟ್ಟೆಯಿಂದ ತಲೆ ಎತ್ತಲಿಲ್ಲ. “ಫ್ಯಾಕ್ಟರೀಲಿ ಸ್ಕೀಮ್ ಬಂದಿದೆ. ನಲವತ್ತು ದಾಟಿರೋರು ಬರೆದು ಕೊಡಬಹುದು. ನನಗೆ ಮೂರು ಮುಕ್ಕಾಲು ಲಕ್ಷ ಬರತ್ತೆ.”

“ಅಂದ್ರೆ ಕೆಲಸ ಬಿಡ್ತೀರಾ?”

“ಬಿಡೋಕೆ ಕೆಲಸ ಎಲ್ಲಿದೆ? ಲೇತ್ ಮೆಷಿನ್‌ಗಳೆಲ್ಲ ಹರಾಜಾಗಿ ಹೋದ್ವು. ನನ್ನ ಸ್ಟೋರ್ಸ್‌ಗೆ ಹಾಕಿದಾರೆ. ಖಾಲಿ ರ‍್ಯಾಕ್ ಕಾಯ್ಕೊಂಡು ಕೂತಿರ್ತೀನಿ. ಮೊನ್ನೆ ಬಂದ ಹುಡುಗ ಬೇರೆ ಕೇಳ್ತಾನೆ, ‘ಸಾರ್, ನೀವಿಲ್ಲಿ ಏನು ಮಾಡೋದು’ ಅಂತ.”

“ಏನಾದ್ರೂ ಕೇಳ್ಕೊಳ್ಳಲಿ. ಒಂದನೇ ತಾರೀಖು ಎಂಟು ಸಾವಿರದ ಎಂಟುನೂರು ಬರತ್ತಲ್ಲ.”

“ದುಡ್ಡು ಬರತ್ತೆ, ಮರ್ಯಾದೆ ಬರಲ್ಲ.”

“ಮರ್ಯಾದೆ ಬೇಯಿಸಿ ಬಡಿಸ್ಲಾ?”

“ಜಗಳ ಆಡ್ಬೇಡಿ,” ಎಂದು ಶ್ರೀನಿವಾಸಯ್ಯ ಎಡಗೈ ಎತ್ತಿದರು. “ಮಧುರಾ ಹೇಳ್ಲಿ. ಅದೇನೋ ಖರ್ಚಿನ ಲೆಕ್ಕಾನೇ ಒಂದು ಪರೀಕ್ಷೆಗೆ ಓದ್ತಿದಾಳಲ್ಲ.”

ಮಧುರಾ ಆತ್ರೇಯನ ಒಬ್ಬಳೇ ಮಗಳು. ಹಿಂದಿನ ವರ್ಷ ಬಿ.ಎಸ್‌ಸಿ. ಮುಗಿಸಿ, ಬಸವನಗುಡಿಯ ಸಂಜೆ ತರಗತಿಯಲ್ಲಿ ವೆಚ್ಚ ಲೆಕ್ಕಶಾಸ್ತ್ರ ಓದುತ್ತಿದ್ದಳು. ಉತ್ಪಾದನೆ ಹೆಚ್ಚಾದಂತೆ ಹೆಚ್ಚುವ ವೆಚ್ಚ ಒಂದು ಬಗೆ. ಏನೂ ಆಗದಿದ್ದರೂ ಬಂದೇ ಬರುವ ವೆಚ್ಚ ಇನ್ನೊಂದು ಬಗೆ. ಆದಾಯವೂ ವೆಚ್ಚವೂ ಸರಿಸಮವಾಗುವ ಬಿಂದುವಿಗೆ ಬ್ರೇಕ್-ಈವನ್ ಎಂದು ಹೆಸರು. ಅವಳು ಇದನ್ನು ಆ ತಿಂಗಳಷ್ಟೇ ಕಲಿತಿದ್ದಳು. ಅದನ್ನು ಪ್ರಯೋಗಿಸಲು ಮನೆಯಲ್ಲೇ ಸಂದರ್ಭ ಒದಗಿದ್ದು ಅವಳಿಗೆ ಸಂತೋಷವೇ ಆಯಿತು.

ಅವಳ ಮುಂದಿದ್ದುದು ಪಿತೃಪಕ್ಷದ ಅಂಕಿಗಳು ಮಾತ್ರ. ತಾತನ ನೆನಪಿನ ಪ್ರಕಾರ ಹದಿನೈದು ದಿನಗಳಲ್ಲಿ ಮುನ್ನೂರ ಅರವತ್ತು ಎಲೆಗಳಾಗಿದ್ದವು. ಅಂಗಡಿಯ ಚೀಟಿಗಳನ್ನು ಕೂಡಿಸಿದಾಗ ದಿನಸಿ, ತುಪ್ಪ, ತರಕಾರಿ, ಎಲೆ ಸೇರಿ ಎಲೆಗೆ ನಲವತ್ತೈದು ರೂಪಾಯಿ ಬಂತು. ಅಡುಗೆಯ ನರಹರಿ ಭಟ್ಟರಿಗೆ, ಅವರ ಸಹಾಯಕನಿಗೆ, ಪಾತ್ರೆ ತೊಳೆಯುವ ಶಿವಕುಮಾರಿಗೆ ಕೊಟ್ಟದ್ದನ್ನು ಮುನ್ನೂರ ಅರವತ್ತರಿಂದ ಭಾಗಿಸಿದಾಗ ಎಲೆಗೆ ಇಪ್ಪತ್ತಮೂರು. ಒಟ್ಟು ಅರವತ್ತೆಂಟು. ಉಳಿಯುವುದು ಮೂವತ್ತೆರಡು.

ಸಂಜೆ ಕಾಫಿಯ ಹೊತ್ತಿಗೆ ಅವಳು ಫಲಿತಾಂಶ ಹೇಳಿದಳು. “ಹೊಸ ಹಜಾರದ ಬಾಡಿಗೆ ಹುಟ್ಟೋಕೆ ತಿಂಗಳಿಗೆ ಇನ್ನೂರ ನಾಲ್ಕು ಎಲೆ ಬೇಕು ತಾತ. ಅಪ್ಪನ ಸಂಬಳಾನೂ ಅದರಲ್ಲೇ ಹುಟ್ಟಬೇಕು ಅಂದ್ರೆ ನಾನೂರ ಎಪ್ಪತ್ತೊಂಬತ್ತು.”

“ದಿನಕ್ಕೆ ಇಪ್ಪತ್ತನಾಲ್ಕು ಎಲೆ. ತಿಂಗಳಿಗೆ ಇಪ್ಪತ್ತು ದಿನ ಅಂತ ಇಟ್ಕೋ. ಎಷ್ಟಾಯ್ತು?”

“ನಾನೂರ ಎಂಬತ್ತು.”

“ಒಂದು ಹಜಾರದಲ್ಲೇ ಆಯ್ತಲ್ಲೇ!” ಶ್ರೀನಿವಾಸಯ್ಯನವರು ಲೋಟವನ್ನು ಕೆಳಗಿಟ್ಟು ಮಗನ ಕಡೆ ತಿರುಗಿದರು. “ಕೇಳಿಸ್ತೇನೋ? ನಾನು ಹೇಳಿದ್ರೆ ಮುದುಕನ ಮಾತು. ಈಗ ಸೈನ್ಸ್ ಓದಿದೋಳು ಹೇಳ್ತಿದಾಳೆ.”

ವಿಶಾಲಾಕ್ಷಿ ಮಗಳನ್ನು ನೋಡಿ ಕೇಳಿದಳು, “ಅರೆಯೋದು, ಸಾರಿಸೋದು, ಮಡಿ ನೀರು ಸೇದೋದು, ಅದೆಲ್ಲ ನಂದು. ಅದಕ್ಕೆ ಎಷ್ಟು ಹಾಕಿದೀಯ?”

“ಹಾಕಿಲ್ಲಮ್ಮ.”

“ಹಾಕ್ಲೂ ಬೇಡ. ಹಾಕಿದ್ರೆ ನಿಮ್ಮ ತಾತನ ಹಜಾರ ಇವತ್ತೇ ಮುಚ್ಚತ್ತೆ.”

ಮಾರನೆಯ ದಿನ ಶ್ರೀನಿವಾಸಯ್ಯನವರು ರಂಗನಾಯಕಮ್ಮನವರಿಗೆ ಐದು ಸಾವಿರ ರೂಪಾಯಿ ಮುಂಗಡ ಕೊಟ್ಟು ಬಂದರು. ಉಳಿದದ್ದು ಡಿಸೆಂಬರ್ ಒಂದಕ್ಕೆ. ಆತ್ರೇಯ ಕಾರ್ಖಾನೆಯಿಂದ ಅರ್ಜಿಯ ನಮೂನೆ ತಂದು ದೇವರ ಮನೆಯ ಗೂಡಿನಲ್ಲಿಟ್ಟ.

ಆಗ ಅಧಿಕ ಮಾಸ ನಡೆಯುತ್ತಿತ್ತು. ವಾರ್ಷಿಕ ಶ್ರಾದ್ಧಗಳನ್ನು ಬಹುತೇಕ ಮನೆಗಳವರು ನಿಜ ಮಾಸಕ್ಕೇ ಇಟ್ಟುಕೊಳ್ಳುವುದರಿಂದ ಒಂದು ತಿಂಗಳು ಹಜಾರ ಹೆಚ್ಚುಕಡಿಮೆ ಖಾಲಿಯಾಗಿಯೇ ಇತ್ತು. ವಿಶಾಲಾಕ್ಷಿ ಅಲ್ಲಿ ಬಟ್ಟೆ ಒಣಗಿಸಿದಳು. ಒಂದು ಮಧ್ಯಾಹ್ನ ಮಧುರಾ ಅಲ್ಲೇ ಓದುತ್ತ ಕುಳಿತವಳು ಇದ್ದಕ್ಕಿದ್ದಂತೆ ಕೇಳಿದಳು:

“ತಾತ, ಹೊಸ ಹಜಾರ ಈಗಾಗ್ಲೇ ತಗೊಂಡಿದ್ರೆ ಈ ತಿಂಗಳು ಬಾಡಿಗೆ ಕೊಡಬೇಕಿತ್ತಾ?”

“ಕೊಡದೇ ಇರೋಕಾಗತ್ತಾ?”

“ಬಾಡಿಗೆಗೆ ಅಧಿಕ ಮಾಸ ಇಲ್ಲ ಹಾಗಾದ್ರೆ.”

“ಮೂರು ವರ್ಷಕ್ಕೊಂದು ಸಲ ಬರೋದನ್ನ ಹಿಡ್ಕೊಂಡು ಹೆದರಿಸ್ಬೇಡ ಕಣೇ.”

ಅವಳಿಗೆ ತನ್ನ ನಲವತ್ತೈದು ರೂಪಾಯಿಯ ಬಗ್ಗೆ ಸಂದೇಹ ಬಂದದ್ದು ಆಗ. ಪಕ್ಷದ ದಿನಸಿಯೆಲ್ಲ ಚೀಟಿಯಲ್ಲಿತ್ತೆಂದು ಅವಳು ನಂಬಿದ್ದಳು. ಆದರೆ ಆ ಮನೆಯಲ್ಲಿ ಉಗ್ರಾಣ ಒಂದೇ. ಸಾಲಾಗಿಟ್ಟ ಅಲ್ಯೂಮಿನಿಯಂ ಡಬ್ಬಗಳಿಂದಲೇ ಮನೆಯ ಅನ್ನಕ್ಕೂ ಅಕ್ಕಿ ಹೋಗುತ್ತಿತ್ತು, ವೈದಿಕದ, ಅಂದರೆ ಶ್ರಾದ್ಧದ, ಪಾಯಸಕ್ಕೂ ಹೋಗುತ್ತಿತ್ತು. ತಿಂಗಳ ಮೊದಲ ವಾರ ಆತ್ರೇಯನ ಸಂಬಳದಿಂದ ಡಬ್ಬಗಳು ತುಂಬುತ್ತಿದ್ದವು. ವೈದಿಕದಿಂದ ಬಂದ ಹಣ ಶ್ರೀನಿವಾಸಯ್ಯನವರ ಪೆಟ್ಟಿಗೆ ಸೇರಿ, ಅಲ್ಲಿಂದ ಭಟ್ಟರಿಗೆ, ತರಕಾರಿಗೆ, ಒಮ್ಮೊಮ್ಮೆ ಮನೆಯ ಕರೆಂಟಿಗೆ ಹೋಗುತ್ತಿತ್ತು.

“ಬೇರೆ ಬೇರೆ ಇಡೋಣಮ್ಮ,” ಎಂದಳು ಮಧುರಾ. “ಪಕ್ಷದ ದುಡ್ಡಲ್ಲಿ ಎರಡು ಸಾವಿರ ತಾತನ ಹತ್ರ ಇಸ್ಕೊಂಡು ವೈದಿಕಕ್ಕೆ ಅಂತ ಒಂದು ಸಾಲು ತುಂಬ್ಸೋಣ. ಮಿಕ್ಕ ದುಡ್ಡೂ ಅಲ್ಲೇ ಒಂದು ಡಬ್ಬದಲ್ಲಿರಲಿ. ನಿಜ ಮಾಸ ಶುರುವಾದಮೇಲೆ ಎಲೆ ದುಡ್ಡು ಅದಕ್ಕೇ ಹಾಕೋದು, ಖರ್ಚೂ ಅದರಿಂದಲೇ.”

ವಿಶಾಲಾಕ್ಷಿ ಆ ದಿನವೇ ಎರಡು ಸಾಲು ಮಾಡಿ, ವೈದಿಕದ ಡಬ್ಬಗಳ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಳು. ಶ್ರೀನಿವಾಸಯ್ಯನವರು ಉಗ್ರಾಣದ ಬಾಗಿಲಲ್ಲಿ ನಿಂತು ನೋಡಿದರು.

“ಇದೇನಮ್ಮ ಇದು? ಪಿತೃಗಳ ಅಕ್ಕಿ, ನಮ್ಮ ಅಕ್ಕಿ ಅಂತ ಭಾಗ ಆಯ್ತಾ?”

“ಒಂದು ತಿಂಗಳಿಗೆ ಮಾವ. ನೀವೇ ಲಾಭ ಅಂತೀರಲ್ಲ. ಲಾಭ ಇದ್ದ ಡಬ್ಬ ತನ್ನಷ್ಟಕ್ಕೆ ತಾನೇ ತುಂಬ್ಕೊಳ್ಳತ್ತೆ.”

ಸಂಜೆ ಅವರು ಎರಡು ಸಾವಿರವನ್ನು ತಂದು ಸೊಸೆಯ ಮುಂದಿಟ್ಟರು.

ನಿಜ ಆಶ್ವಯುಜದ ಮೊದಲ ವೈದಿಕಕ್ಕೆ ಬಂದವರು ಮಾವಳ್ಳಿಯ ತಾಯಿ, ಮಗ ಮತ್ತು ಸೊಸೆ. ಇಬ್ಬರು ಬ್ರಾಹ್ಮಣರು, ಒಬ್ಬರು ಪುರೋಹಿತರು. ಒಟ್ಟು ಆರು ಎಲೆ. ಅಡುಗೆ ಎಂದಿನಂತೆಯೇ ಆಯಿತು: ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ವಡೆ, ಪಾಯಸ, ಎಳ್ಳುಂಡೆ. ತಾಯಿ ಹೊರಡುವಾಗ ಆರು ನೂರರ ನೋಟುಗಳನ್ನು ಎರಡು ಸಲ ಎಣಿಸಿ ಕೊಟ್ಟರು. “ಬೇರೆ ಕಡೆ ಕೇಳಿದ್ವಿ, ಇಪ್ಪತ್ತು ಎಲೆ ಇದ್ರೆ ಮಾತ್ರ ಬನ್ನಿ ಅಂದ್ರು. ನಿಮ್ಮಿಂದ ನಮ್ಮ ಯಜಮಾನರ ಕಾರ್ಯ ನಡೀತು,” ಎಂದರು. ಶ್ರೀನಿವಾಸಯ್ಯನವರು ಬಾಗಿಲವರೆಗೆ ಹೋಗಿ ಬೀಳ್ಕೊಟ್ಟರು.

ಆ ದಿನ ಹಣ ಕೊಡುವ ಕೆಲಸ ಮಧುರಾಳದು. ನರಹರಿ ಭಟ್ಟರು ಮುನ್ನೂರೈವತ್ತಕ್ಕೆ ಕೈ ನೀಡಿದರು, ಸಹಾಯಕನಿಗೆ ನೂರೈವತ್ತು, ಶಿವಕುಮಾರಿಗೆ ಐವತ್ತು.

“ಆರೇ ಎಲೆ ಅಲ್ವಾ ಭಟ್ರೇ?” ಎಂದು ಅವಳು ಅನುಮಾನಿಸುತ್ತ ಕೇಳಿದಳು.

“ಅದಕ್ಕೆ? ಅರ್ಧ ಸ್ನಾನ ಮಾಡ್ಕೊಂಡು ಬರ್ಲೇನಮ್ಮ?” ಭಟ್ಟರು ನೋಟನ್ನು ಸೊಂಟಕ್ಕೆ ಸಿಕ್ಕಿಸಿದರು. “ಅಂದಹಾಗೆ ಪಕ್ಕದ ಮನೇಲೂ ಶುರು ಮಾಡ್ತೀರಂತೆ. ನನ್ನ ಭಾವಮೈದ ಇದಾನೆ, ಕೈ ಚೆನ್ನಾಗಿದೆ. ಅವನಿಗೂ ಇಷ್ಟೇ ಕೊಟ್ಬಿಡಿ. ಬಸ್ ಚಾರ್ಜ್ ಬೇರೆ.”

ಅವಳು ಉಗ್ರಾಣಕ್ಕೆ ಬಂದು ಡಬ್ಬದ ಮುಂದೆ ನಿಂತಳು. ಬಂದದ್ದು ಆರುನೂರು. ಕೂಲಿಗೆ ಐನೂರೈವತ್ತು ಹೋಯಿತು. ಉಳಿದ ಐವತ್ತರಲ್ಲಿ ಆರು ಎಲೆಯ ದಿನಸಿ, ತುಪ್ಪ, ತರಕಾರಿಗೆ ಇನ್ನೂರ ಎಪ್ಪತ್ತು ಆಗಬೇಕು. ಇನ್ನೂರ ಇಪ್ಪತ್ತು ಕಡಿಮೆ.

ತನ್ನ ತಪ್ಪು ಎಲ್ಲಿತ್ತೆಂದು ಅವಳಿಗೆ ಆಗ ತಿಳಿಯಿತು. ಭಟ್ಟರ ಕೂಲಿಯನ್ನು ಅವಳು ಎಲೆಯ ಜೊತೆ ಏರಿಳಿಯುವ ವೆಚ್ಚವೆಂದು ಹಿಡಿದಿದ್ದಳು. ಪಕ್ಷದಲ್ಲಿ ದಿನಕ್ಕೆ ಇಪ್ಪತ್ತನಾಲ್ಕು ಎಲೆಯಾದ್ದರಿಂದ ಅದು ಎಲೆಗೆ ಇಪ್ಪತ್ತಮೂರರಂತೆ ಕಂಡಿತ್ತು. ಅದು ಎಲೆಗೆ ತಗಲುವ ವೆಚ್ಚವಾಗಿರಲಿಲ್ಲ. ಒಲೆ ಹೊತ್ತಿಸಿದ ದಿನಕ್ಕೆ ತಗಲುವ ವೆಚ್ಚವಾಗಿತ್ತು. ಒಂದು ಎಲೆಗೂ ಐನೂರೈವತ್ತು, ಮೂವತ್ತಕ್ಕೂ ಐನೂರೈವತ್ತು.

ರಾತ್ರಿ ಊಟಕ್ಕೆ ಬಡಿಸುತ್ತಿದ್ದಂತೆಯೇ ಅವಳು ಹೇಳಿದಳು.

“ತಾತ, ನಾನು ಹೇಳಿದ್ದ ಲೆಕ್ಕ ತಪ್ಪು.”

“ಯಾವ ಲೆಕ್ಕ?”

“ಇನ್ನೂರ ನಾಲ್ಕು ಎಲೆ ಅಂದಿದ್ದೆನಲ್ಲ, ಅದು. ನಮಗೆ ಎಲೆಗೆ ಐವತ್ತೈದು ಉಳಿಯತ್ತೆ. ಆದ್ರೆ ಒಲೆ ಹಚ್ಚಿದ ದಿನ ಐನೂರೈವತ್ತು ಹೋಗತ್ತೆ. ಹತ್ತು ಎಲೆ ಆದ್ರೆ ಆ ದಿನ ಸಮ. ಹನ್ನೊಂದನೇ ಎಲೆಯಿಂದ ಲಾಭ. ಹತ್ತಕ್ಕಿಂತ ಕಡಿಮೆ ಆದ್ರೆ ಅವತ್ತು ಕೈಯಿಂದ.”

“ಹಾಗಾದ್ರೆ ಜಾಸ್ತಿ ದಿನ ನಡೆಸಿದ್ರಾಯ್ತು.”

“ಅದೇ ತಾತ ತಪ್ಪಾಗೋದು. ಎಲೆ ಹೆಚ್ಚಾದ್ರೆ ಲಾಭ. ಆರಾರು ಎಲೆಯ ದಿನ ಹೆಚ್ಚಾದ್ರೆ ನಷ್ಟಾನೇ ಹೆಚ್ಚಾಗೋದು.”

ಶ್ರೀನಿವಾಸಯ್ಯನವರ ಕೈ ಅನ್ನದ ಮೇಲೆ ನಿಂತಿತು. “ಹೋದ ತಿಂಗಳು ಒಂದು ಹೇಳ್ದೆ. ಈಗ ಇನ್ನೊಂದು ಹೇಳ್ತೀಯ. ನಾಳೆ ಮೂರನೇದು ಬರತ್ತಾ?”

ಆತ್ರೇಯ ಮೆಲ್ಲನೆ ಕೇಳಿದ, “ನಿನ್ನ ಲೆಕ್ಕ ಬದಲಾಗಿದ್ದು ಇವತ್ತಾ?”

“ಹೌದಪ್ಪ.”

“ನಾನು ಫಾರ್ಮ್ ಕೊಟ್ಟಿದ್ದೂ ಇವತ್ತೇ.”

ವಿಶಾಲಾಕ್ಷಿ ಮಜ್ಜಿಗೆಯ ಪಾತ್ರೆಯನ್ನು ನೆಲಕ್ಕೆ ಇಟ್ಟ ಸದ್ದು ಕೇಳಿಸಿತು.

“ನನಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?”

“ಹೇಳಿದ್ರೆ ಬಿಡ್ತಿದ್ಯಾ?”

“ವಾಪಸ್ ತಗೊಳ್ಳಿ.”

“ಏನಂತ ತಗೊಳ್ಳಲಿ? ಮಗಳ ಭಾಗಾಕಾರ ತಪ್ಪಾಯ್ತು ಅಂತಾನಾ?” ಆತ್ರೇಯ ಮಗಳ ಕಡೆ ತಿರುಗಿದ. “ನಿನ್ನ ನಾನೂರ ಎಪ್ಪತ್ತೊಂಬತ್ತು ನಂಬ್ಕೊಂಡು ಕೊಟ್ಟೆ ಕಣಮ್ಮ. ಈಗ ಡಿಪಾರ್ಟ್‌ಮೆಂಟಲ್ಲಿ ಎಲ್ಲರಿಗೂ ಗೊತ್ತು. ಇವತ್ತು ಸ್ವೀಟ್ ಕೊಡ್ಸಿ ಅಂತ ಕೇಳಿದ್ರು.”

ಮಧುರಾಳ ಕಣ್ಣು ತುಂಬಿತು. ಆದರೂ ಅವಳು ಹೇಳಬೇಕಾದ್ದನ್ನು ಹೇಳಿ ಮುಗಿಸಿದಳು: ಕನಿಷ್ಠ ಹತ್ತು ಎಲೆಯ ಹಣ ಪಡೆಯಬಹುದು, ಇಲ್ಲವೇ ಒಂದೇ ತಿಥಿಗೆ ಬಂದ ಇಬ್ಬರಿಗೆ ಒಂದೇ ಒಲೆಯಲ್ಲಿ ಅಡುಗೆ ಮಾಡಿಸಬಹುದು. ಎರಡರಲ್ಲಿ ಯಾವುದಾದರೂ ಆದೀತು.

“ಆರು ಎಲೆ ಹಾಕೋರ ಹತ್ರ ಹತ್ತು ಎಲೆ ದುಡ್ಡು ತಗೊಂಡು, ಮಿಕ್ಕ ನಾಲ್ಕು ಎಲೆ ಯಾರಿಗೆ ಬಡಿಸ್ಲಿ? ನಿನಗಾ?” ಎಂದರು ಶ್ರೀನಿವಾಸಯ್ಯ. “ಬೆಳಿಗ್ಗೆ ಆ ಹೆಂಗಸು ನೋಟು ಎಣಿಸಿದ್ದು ನೋಡಿದ್ಯಲ್ಲ. ಅವರ ಹತ್ರ ಇನ್ನೂ ನಾನೂರು ಕೇಳು ಅಂತೀಯಾ? ಎಲೆಗೆ ಇಷ್ಟು ಅಂತ ಯಾಕಿಟ್ಟೆ ಗೊತ್ತಾ? ಇರೋನು ಐವತ್ತು ಹಾಕ್ಲಿ, ಇಲ್ದೋನು ಐದು ಹಾಕ್ಲಿ ಅಂತ.”

“ಒಂದೇ ಒಲೆಯಾದ್ರೆ?”

“ಆಗಲ್ಲ. ಒಲೆ ಬೇರೆ ಇರತ್ತೆ ಅಂತಾನೇ ಜನ ಇಲ್ಲಿಗೆ ಬರೋದು. ಅದು ಬಿಟ್ರೆ ನಾನೂ ಒಂದು ಹೋಟೆಲ್ ಇಟ್ಟಹಾಗೆ.”

“ಹಾಗಾದ್ರೆ ಎರಡನೇ ಹಜಾರ ಬೇಡ ತಾತ.”

“ಒಂದು ದಿನದ ಆರು ಎಲೆ ನೋಡಿ ತೀರ್ಮಾನ ಹೇಳ್ಬೇಡ. ತಿಂಗಳು ಮುಗೀಲಿ.”

ಈ ಮಾತು ನ್ಯಾಯವಾಗಿತ್ತು. ಒಂದು ಅವಲೋಕನದಿಂದ ನಿರ್ಣಯಕ್ಕೆ ಬರಕೂಡದೆಂದು ಮಧುರಾಳಿಗೂ ಗೊತ್ತಿತ್ತು. ಹಿಂದಿನ ತಪ್ಪೂ ಅದೇ ಜಾತಿಯದು. ತಿಂಗಳು ಮುಗಿಯುವವರೆಗೆ ಕಾಯುವುದೆಂದು ಆಯಿತು.

ಆ ನಾಲ್ಕು ವಾರ ಮನೆಯಲ್ಲಿ ಮಾತು ಕಡಿಮೆ. ದಸರೆಯಲ್ಲಿ ವಿಶಾಲಾಕ್ಷಿ ಗೊಂಬೆ ಕೂರಿಸಿದಳು. ನೋಡಲು ಬಂದವರ ಮುಂದೆ ಎಲ್ಲರೂ ನಗುತ್ತಿದ್ದರು. ಆತ್ರೇಯ ಬೆಳಿಗ್ಗೆ ಏಳಕ್ಕೆ ಕಾರ್ಖಾನೆಯ ಬಸ್ಸು ಹತ್ತಿ, ಸಂಜೆ ಬಂದು, ಪತ್ರಿಕೆಯ ಹಿಂದೆ ಕೂರುತ್ತಿದ್ದ. ದೀಪಾವಳಿಗೆ ಬಟ್ಟೆ ಬೇಡವೆಂದು ಹೆಂಡತಿ ಹೇಳಿದಾಗ ಅವನು ಕೇಳಿದ, “ಇದು ನನಗೆ ಶಿಕ್ಷೆನಾ?”

“ಶಿಕ್ಷೆ ಯಾಕ್ರೀ? ಮುಂದಿನ ವರ್ಷಕ್ಕೆ ಈಗಿಂದಲೇ ಅಭ್ಯಾಸ ಮಾಡ್ಕೋತಿದೀನಿ.”

ವೈದಿಕಗಳು ಬರುತ್ತಿದ್ದವು. ಐದು ಎಲೆ, ಎಂಟು ಎಲೆ, ಒಮ್ಮೆ ಹನ್ನೆರಡು, ಮತ್ತೆ ಏಳು. ಪಿತೃಪಕ್ಷದಲ್ಲಿ ಅಣ್ಣತಮ್ಮಂದಿರೆಲ್ಲ ಕೂಡಿ ಬರುತ್ತಿದ್ದರು. ವರ್ಷದ ತಿಥಿಗೆ ಬರುತ್ತಿದ್ದವನು ಶ್ರಾದ್ಧ ಮಾಡುವ ಕರ್ತೃ ಒಬ್ಬನೇ, ಹೆಚ್ಚೆಂದರೆ ಹೆಂಡತಿಯೊಡನೆ. ಶ್ರೀನಿವಾಸಯ್ಯನವರು ಪ್ರತಿ ಸಲವೂ ಎಲೆ ಹಾಕುವಾಗ ಅಲ್ಲೇ ನಿಂತು ಪಂಕ್ತಿಯನ್ನು ದೃಷ್ಟಿಯಿಂದಲೇ ಅಳೆಯತೊಡಗಿದರು. ಮೊದಲು ಅವರಿಗೆ ಆ ಅಭ್ಯಾಸವಿರಲಿಲ್ಲ. ಒಂದು ದಿನ, ಒಂಬತ್ತು ಎಲೆ ಬಿದ್ದಾಗ, “ಭಟ್ರೇ, ನೀವೂ ಪಂಕ್ತೀಲೇ ಕೂತ್ಬಿಡಿ,” ಎಂದರು.

ಮಧುರಾ ಅಡುಗೆಮನೆಯಿಂದಲೇ ಹೇಳಿದಳು, “ಅವರ ಎಲೆಗೆ ದುಡ್ಡು ಯಾರು ಕೊಡ್ತಾರೆ ತಾತ?”

ಭಟ್ಟರು ನಕ್ಕರು. ಶ್ರೀನಿವಾಸಯ್ಯ ನಗಲಿಲ್ಲ.

ನಿಜ ಆಶ್ವಯುಜ ಮುಗಿದಾಗ ಹದಿಮೂರು ವೈದಿಕಗಳಾಗಿದ್ದವು, ಎಲೆಗಳು ತೊಂಬತ್ತೆಂಟು. ಒಂದೇ ತಿಥಿಗೆ ಎರಡು ಮನೆತನಗಳು ಕೇಳಿದ್ದು ಮೂರು ಸಲ ಮಾತ್ರ. ಎರಡನೆಯ ಹಜಾರವಿದ್ದಿದ್ದರೆ ಆ ಮೂರು ದಿನಗಳಿಗಾಗಿ ಆರೂವರೆ ಸಾವಿರ ಬಾಡಿಗೆ ಸಲ್ಲಬೇಕಿತ್ತು. ಎರಡು ಸಾವಿರದಿಂದ ಆರಂಭವಾದ ಗೆರೆಯ ಡಬ್ಬಗಳ ಸಾಲಿನಲ್ಲಿ, ಸಾಮಾನೂ ಹಣವೂ ಸೇರಿ ಉಳಿದದ್ದು ಇನ್ನೂರ ನಲವತ್ತು ರೂಪಾಯಿಯಷ್ಟು. ಎಲೆಗೆ ನಲವತ್ತೈದೆಂಬ ಅಂಕಿ ಸರಿಯಾಗಿಯೇ ಇತ್ತು; ಹಣ ಕರಗಿದ್ದು ದಿನದ ಕೂಲಿಯಲ್ಲಿ. ಮಧುರಾ ಇದನ್ನು ಹೇಳಿದಾಗ ಶ್ರೀನಿವಾಸಯ್ಯನವರು “ಹೂಂ” ಎಂದರಷ್ಟೆ. ಆತ್ರೇಯ, “ಕಾರ್ತೀಕದಲ್ಲಿ ನೋಡೋಣ,” ಎಂದ. ಅರ್ಜಿ ಕಾರ್ಖಾನೆಯ ಕಚೇರಿಯಲ್ಲೇ ಇತ್ತು.

ಕಾರ್ತೀಕದ ಮೊದಲ ವೈದಿಕ ನವೆಂಬರ್ ಇಪ್ಪತ್ತೇಳರ ಮಂಗಳವಾರ. ಏಳು ಎಲೆ. ಬೆಳಿಗ್ಗೆ ಆರೂವರೆಗೆ ನರಹರಿ ಭಟ್ಟರು ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲಿ ಒಲೆಯ ಮುಂದೆ ನಿಂತು ಕೂಗಿದರು: “ಅಮ್ಮಾ, ವಡೆಗೆ ಬೇಳೆ ನೆನೆಹಾಕಿಲ್ವಲ್ಲ!”

ವಿಶಾಲಾಕ್ಷಿ ಉಗ್ರಾಣದ ಬಾಗಿಲಲ್ಲಿದ್ದಳು. “ಉದ್ದಿನಬೇಳೆ ಇಲ್ಲ. ತುಪ್ಪಾನೂ ಇಲ್ಲ. ನಿನ್ನೆ ಸಂಜೆಯೇ ಮಾವನಿಗೆ ಹೇಳಿದೀನಿ.”

ಶ್ರೀನಿವಾಸಯ್ಯನವರು ಮಡಿಯುಟ್ಟು ಬಂದರು. “ಆ ಕಡೆ ಸಾಲಲ್ಲಿ ಡಬ್ಬ ತುಂಬ ಇದೆಯಲ್ಲಮ್ಮ.”

“ಅದು ಮನೇದು.”

“ಮನೇದಾದ್ರೇನು? ಹಾಕು.”

“ಹಾಕ್ತೀನಿ. ಅದು ಇವರ ಸಂಬಳದ್ದು ಮಾವ. ಇವರನ್ನ ಒಂದು ಮಾತು ಕೇಳ್ಬಿಡಿ.”

“ವಿಶಾಲೂ!” ಎಂದ ಆತ್ರೇಯ. ಅವನು ನಡುಮನೆಯಲ್ಲಿ ಬೂಟಿನ ದಾರ ಕಟ್ಟುತ್ತಿದ್ದ.

“ಸುಮ್ನಿರಿ. ಎಂಟು ವರ್ಷದಿಂದ ಯಾರೂ ಯಾರನ್ನೂ ಕೇಳದೇ ಇರೋದಕ್ಕೇ ಈ ಮನೇಲಿ ಲಾಭ ಅಂತ ಕಾಣ್ತಿರೋದು.”

ಹೊರಗೆ ಆಟೋ ನಿಂತಿತು. ವೈದಿಕದ ಮನೆಯವರು ಬಂದಿದ್ದರು; ಕರ್ತೃ ಮೂವತ್ತರ ಆಸುಪಾಸಿನವನು, ಕೈಯಲ್ಲಿ ದರ್ಭೆಯ ಕಟ್ಟು, ಹಿಂದೆ ಬಸುರಿ ಹೆಂಡತಿ. “ಬರಬಹುದಾ ಸ್ವಾಮಿ?” ಎಂದು ಮೆಟ್ಟಿಲಿನಿಂದ ಕೇಳಿದ.

“ಬನ್ನಿ, ಕೂತ್ಕೊಳ್ಳಿ,” ಎಂದು ಶ್ರೀನಿವಾಸಯ್ಯನವರು ಗಟ್ಟಿಯಾಗಿ ಹೇಳಿದರು. ಆಮೇಲೆ ಮಗನ ಮುಂದೆ ಬಂದು ನಿಂತರು. ಮಡಿಯಲ್ಲಿದ್ದುದರಿಂದ ಒಂದು ಮಾರು ದೂರದಲ್ಲಿ.

“ಆತ್ರೇಯ, ಎರಡು ಪಾವು ಉದ್ದಿನಬೇಳೆ ಬೇಕು. ಕಾಲು ಕೇಜಿ ತುಪ್ಪ. ತಗೊಳ್ಲಾ?”

ಆತ್ರೇಯನ ಕೈ ದಾರದ ಗಂಟಿನಲ್ಲೇ ಇತ್ತು. “ತಗೊಳ್ಳಿ ಅಪ್ಪ. ಇದನ್ನೇನು ಕೇಳೋದು.”

“ಕೇಳಬೇಕಾಗಿತ್ತಂತೆ.”

ವಿಶಾಲಾಕ್ಷಿ ಬೇಳೆ ಅಳೆದು ಬಿಸಿನೀರಿಗೆ ಹಾಕಿದಳು. ಭಟ್ಟರು ಒಲೆ ಹೊತ್ತಿಸಿದರು. ಆತ್ರೇಯ ಬೂಟಿನಲ್ಲೇ ಉಗ್ರಾಣದ ಹೊಸ್ತಿಲವರೆಗೆ ಬಂದು ಎರಡು ಸಾಲುಗಳನ್ನು ನೋಡಿದ. ಗೆರೆಯ ಡಬ್ಬಗಳ ಮುಚ್ಚಳ ತೆಗೆದಿತ್ತು.

“ಮಧುರಾ, ಡಿಸೆಂಬರ್ ಒಂದನೇ ತಾರೀಖು ಮನೆ ಸಾಲು ಯಾರು ತುಂಬ್ತಾರೆ?”

“ಮೂರು ಮುಕ್ಕಾಲು ಲಕ್ಷದ್ದು ಬಡ್ಡಿ ಬರತ್ತಪ್ಪ. ಅಡ್ವಾನ್ಸ್ ಕೊಟ್ಟಮೇಲೆ ಮಿಕ್ಕಿದ್ದಕ್ಕೆ. ತಿಂಗಳಿಗೆ ಎರಡು ಸಾವಿರದ ಹತ್ತಿರ. ಅದೂ ಹೊಸ ಹಜಾರದ ಬಾಡಿಗೆಗೆ ಸಾಲಲ್ಲ.”

“ಗೆರೆ ಎಳೆದಿರೋ ಸಾಲು?”

ಅವಳು ಖಾಲಿ ಡಬ್ಬಗಳಿಗೆ ಮುಚ್ಚಳ ಹಾಕತೊಡಗಿದಳು. ಬೀದಿಯ ಕೊನೆಯಲ್ಲಿ ಕಾರ್ಖಾನೆಯ ಬಸ್ಸಿನ ಹಾರ್ನ್ ಕೇಳಿಸಿತು. ಆತ್ರೇಯ ಊಟದ ಬಾಕ್ಸನ್ನು ಮರೆತು ಓಡಿದ. ಸ್ವಲ್ಪ ಹೊತ್ತಿನ ಮೇಲೆ ಹಜಾರದಲ್ಲಿ ಸಂಕಲ್ಪದ ಮಂತ್ರ ಶುರುವಾಯಿತು. ಶ್ರೀನಿವಾಸಯ್ಯನವರು ಒಳಗೆ ಬಂದು ಸೊಸೆಯನ್ನು ನೋಡದೆ ಹೇಳಿದರು, “ಎಲ್ಲರ ಮುಂದೆ ಕೇಳಿಸ್ದೆಯಲ್ಲಮ್ಮ.”

“ಎಲ್ಲರ ಮುಂದೆ ಅಲ್ಲ ಮಾವ, ಮನೆಯವರ ಮುಂದೆ. ನೀವು ಕೇಳದೇ ಇದ್ದಿದ್ರೆ ಅವರಿಗೆ ಗೊತ್ತಾಗ್ತಿರ್ಲಿಲ್ಲ.”

“ನನಗೂ,” ಎಂದರು ಅವರು. ಆಮೇಲೆ, “ಆ ಹುಡುಗಿ ಬಸುರಿ. ಪಂಕ್ತಿ ಏಳೋವರೆಗೂ ಉಪವಾಸ ಇರಿಸ್ಬೇಡ, ಮೊದಲು ಹಾಲು ಕೊಡು,” ಎಂದರು.

“ಯಾವ ಸಾಲಿನ ಹಾಲು ಮಾವ?”

ಅವರು ತಿರುಗಿ ನೋಡಿದರು. ಸೊಸೆ ನಗುತ್ತಿದ್ದಳು, ಕಣ್ಣು ಕೆಂಪಾಗಿತ್ತು.

ಆತ್ರೇಯ ಬುಧವಾರ ಅರ್ಜಿಯನ್ನು ಹಿಂದಕ್ಕೆ ಪಡೆದ. ಕಚೇರಿಯ ಗುಮಾಸ್ತ, “ಏನ್ ಸಾರ್, ಸ್ವೀಟ್ ಅಂದ್ಕೊಂಡಿದ್ವಿ,” ಎಂದನಂತೆ. ಆತ್ರೇಯ ಇದನ್ನು ಮನೆಯಲ್ಲಿ ಹೇಳಿದ್ದು ಊಟದ ನಡುವೆ, ನಗದೆ. “ಹನ್ನೆರಡು ವರ್ಷ ಖಾಲಿ ರ‍್ಯಾಕ್ ಕಾಯ್ಬೇಕು,” ಎಂದ. ಅವನಿಗೆ ಸಮಾಧಾನ ಹೇಳುವ ಪ್ರಯತ್ನವನ್ನು ಯಾರೂ ಮಾಡಲಿಲ್ಲ. ಶ್ರೀನಿವಾಸಯ್ಯನವರು ಗುರುವಾರ ರಂಗನಾಯಕಮ್ಮನವರ ಬಳಿ ಹೋಗಿ ಬಂದರು. ಮುಂಗಡದ ಐದು ಸಾವಿರ ಮರಳಲಿಲ್ಲ. ದರ ಎಲೆಗೆ ನೂರೇ ಉಳಿಯಿತು, ಒಲೆಯೂ ದಿನಕ್ಕೊಬ್ಬರಿಗೇ ಉಳಿಯಿತು. ಒಂದು ಮಾತ್ರ ಬದಲಾಯಿತು: ಪ್ರತಿ ವೈದಿಕದ ಹಿಂದಿನ ಸಂಜೆ ಅವರು ಮಗನನ್ನು ಕೇಳುತ್ತಿದ್ದರು, “ನಾಳೆ ಆರು ಎಲೆ. ಇನ್ನೂರ ಇಪ್ಪತ್ತು ನಿಂದು. ಒಪ್ಪಿದ್ಯಾ?” ಆತ್ರೇಯ ಕೆಲವು ದಿನ ಒಪ್ಪಿದೆನೆನ್ನುತ್ತಿದ್ದ, ಕೆಲವು ದಿನ ಸುಮ್ಮನೆ ತಲೆಯಾಡಿಸುತ್ತಿದ್ದ.

ಲೆಕ್ಕದಿಂದ ಸಿದ್ಧವಾದದ್ದು ಇಷ್ಟು: ಆ ಹಜಾರ ಎಂಟು ವರ್ಷ ನಡೆದದ್ದು ಎಲೆಯ ಹಣದಿಂದಲ್ಲ, ಹತ್ತು ಎಲೆಗೆ ಕಡಿಮೆಯಾದ ಪ್ರತಿಯೊಂದು ವೈದಿಕದ ಕೊರತೆಯನ್ನೂ ಆತ್ರೇಯನ ಸಂಬಳ ತುಂಬುತ್ತಿತ್ತು, ಆ ಸಂಬಳ ನಿಂತಿದ್ದರೆ ಎರಡನೆಯ ಹಜಾರ ಮಾತ್ರವಲ್ಲ, ಮೊದಲನೆಯದೂ ನಿಲ್ಲುತ್ತಿತ್ತು.